ಸತ್ಯಾಂಶ: ವಿಕಿರಣ ಚಿಕಿತ್ಸೆಯ ನಂತರದ ಜೋಮಿಗೆ ಕಾರಣ ‘ಒಳಗುಳಿದ ಕಿರಣ’ವೇ?

ವಿಕಿರಣ ಚಿಕಿತ್ಸೆ ಪಡೆದವರ ದೇಹದಲ್ಲಿ ಕಿರಣ ಉಳಿದು ನರಗಳನ್ನು ತಿನ್ನುತ್ತದೆ, ಕಷಾಯ ಕುಡಿದರೆ ಹೊರಹೋಗುತ್ತದೆ ಎಂಬ ಸಂದೇಶ ಕೋಲಾರ, ಚಿಕ್ಕಬಳ್ಳಾಪುರದ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಆಗಾಗ ಬರುತ್ತಿರುತ್ತದೆ. ಕಾಳಜಿಯಿಂದಲೇ ಕಳುಹಿಸುತ್ತಾರೆ, ಆದರೆ ಅದು ನಿಜವಲ್ಲ. ಹೊರಗಿನ ಯಂತ್ರದಿಂದ ಹಾಯಿಸುವ ಕಿರಣ ಯಂತ್ರ ನಿಂತೊಡನೆ ಮುಗಿಯುತ್ತದೆ. ಮೊಮ್ಮಕ್ಕಳನ್ನು ಎತ್ತಿಕೊಳ್ಳಲು ಅಂಜಬೇಕಿಲ್ಲ. (ದೇಹದೊಳಗೆ ವಿಕಿರಣ ವಸ್ತು ಇಡುವ ಚಿಕಿತ್ಸೆಯ ನಿಯಮಗಳು ಬೇರೆ.)

ತೊಂದರೆಯಂತೂ ನಿಜ. ಚಿಕಿತ್ಸೆ ಪಡೆದ ಜಾಗದ ಅಂಗಾಂಶ ನಿಧಾನವಾಗಿ ಗಟ್ಟಿಯಾಗಿ, ಸಣ್ಣ ರಕ್ತನಾಳಗಳು ಕಿರಿದಾಗಿ, ನರ ಮತ್ತು ಸ್ನಾಯುಗಳು ಸೊರಗುವುದರಿಂದ ಜೋಮು, ನೋವು, ಬಲಹೀನತೆ ಎಷ್ಟೋ ವರ್ಷಗಳ ಬಳಿಕವೂ ಕಾಣಿಸಿಕೊಳ್ಳಬಹುದು. ಸ್ತನ ಕ್ಯಾನ್ಸರ್‌ಗೆ ಕಂಕುಳಿನ ಬಳಿ ಚಿಕಿತ್ಸೆ ಪಡೆದ ಮಹಿಳೆ ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನಿಂದ ಎಳೆ ತೆಗೆಯುವವರಾಗಿದ್ದರೆ, ಜೋಮುಗಟ್ಟಿದ ಬೆರಳಿಗೆ ಬಿಸಿನೀರಿನ ತಾಪ ತಿಳಿಯದೆ ಕೈ ಸುಡಬಹುದು. ಅಂಥವರು ಮೊದಲು ಇನ್ನೊಂದು ಕೈಯಿಂದ ನೀರು ಮುಟ್ಟಿ ನೋಡಬೇಕು. ಗಟ್ಟಿಯಾದ ಅಂಗಾಂಶವನ್ನು ಕಷಾಯ ಸಡಿಲಿಸದು. ಫಿಸಿಯೋಥೆರಪಿ ಮತ್ತು ವೈದ್ಯರು ಬರೆದುಕೊಡುವ ನರನೋವಿನ ಮಾತ್ರೆಗಳಿಂದ ಹಲವರಿಗೆ ದಿನನಿತ್ಯದ ಬದುಕು ಹಗುರವಾಗುತ್ತದೆ.

ಇಂಥ ಸಂದೇಶ ಬಂದಾಗ ಅದು ಯಾವ ಬಗೆಯ ಚಿಕಿತ್ಸೆಯ ಕುರಿತು ಹೇಳುತ್ತಿದೆ, ಆಧಾರವೇನು ಎಂದು ನೋಡಿ. ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯಲ್ಲಿ ಚಿಕಿತ್ಸೆಯ ಬಗೆ ಮತ್ತು ಜಾಗ ಬರೆದಿರುತ್ತದೆ. ಅದನ್ನು ಹಿಡಿದುಕೊಂಡು ಹೋಗಿ ವೈದ್ಯರನ್ನೇ ಕೇಳಿ. ಹೊಸದಾಗಿ ಬಲ ಕುಗ್ಗಿದರೆ, ಕ್ಯಾನ್ಸರ್ ಮರಳಿದೆಯೇ ಎಂದು ತಿಳಿಯಲು ಎಂಆರ್‌ಐ ಬೇಕಾಗಬಹುದಾದ್ದರಿಂದ ತಡಮಾಡಬಾರದು.