ಮೇಷ್ಟ್ರು ಮೇಸ್ತ್ರಿಯಾದದ್ದು

ನಮ್ಮ ಬಚ್ಚಲುಮನೆಯ ಅಟ್ಟದ ಮೇಲೆ ಅರ್ಧ ಚೀಲ ಸಿಮೆಂಟ್ ಇತ್ತು. ಹೋದ ವರ್ಷ ಕೊಟ್ಟಿಗೆಗೆ ಗಾರೆ ಹಾಕಿಸಿದಾಗ ಉಳಿದದ್ದು. ಮಳೆಯಲ್ಲಿ ನೆನೆಯದಿರಲಿ ಎಂದು ಅದನ್ನು ಜೋಪಾನವಾಗಿ ಹಂಡೆಯ ನೆತ್ತಿಯ ಮೇಲೇ ಇಟ್ಟವನು ನಾನು. ತೀರ್ಥಹಳ್ಳಿಯ ಕಡೆ ಆಷಾಢದಲ್ಲಿ ಭರಣಿಯೊಳಗಿನ ಉಪ್ಪೇ ನೀರೊಡೆಯುತ್ತದೆ. ಇನ್ನು ವರ್ಷವಿಡೀ ಹಂಡೆಯ ಹಬೆ ಕುಡಿದ ಸಿಮೆಂಟಿನ ಗತಿ ಏನಾಗಬೇಡ? ಈ ಮೇ ತಿಂಗಳಲ್ಲಿ ಕೆಳಗಿಳಿಸಿದಾಗ ಅದು ಬಂಡೆಯಾಗಿತ್ತು. ಚೀಲವನ್ನು ಸುಲಿದು ನೋಡಿದರೆ, ಅದರ ಒಂದೊಂದು ಸುಕ್ಕೂ, ಬಾಯಿಗೆ ಕಟ್ಟಿದ್ದ ಹುರಿಯ ಗಂಟೂ ಅಚ್ಚೊತ್ತಿದ್ದವು.

ನನಗೆ ಬೇಕಾಗಿದ್ದದ್ದು ಎರಡು ಬಾಂಡಲಿ ಕಾಂಕ್ರೀಟ್, ಅಷ್ಟೇ. ಅಡುಗೆಮನೆಯ ಹಿಂಬಾಗಿಲ ಹೊರಗೆ, ಪಾತ್ರೆ ತೊಳೆಯುವ ಜಾಗದಲ್ಲಿ ತಟ್ಟೆಯಗಲದ ಗುಂಡಿ ಬಿದ್ದಿತ್ತು. ಅಮ್ಮ ಎರಡು ಸಲ ಎಡವಿದ್ದಳು. ಮೇಸ್ತ್ರಿ ಯುಗಾದಿಯಿಂದಲೂ "ನಾಳೆ ಬರುತ್ತೇನೆ" ಎನ್ನುತ್ತಿದ್ದರು. ರೋಹಿಣಿ ಮಳೆ ಹೊಸ್ತಿಲಿಗೆ ಬಂದಿತ್ತು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನಗೆ, ಮೇಷ್ಟ್ರಿಗೂ ಮೇಸ್ತ್ರಿಗೂ ಒಂದಕ್ಷರದ ಅಂತರ ತಾನೇ ಎಂದು ಅನ್ನಿಸಿಬಿಟ್ಟಿತು.

50 ಕಿಲೋದ ಹೊಸ ಚೀಲ ತಂದೆ. ಮಿಕ್ಕಿದರೆ ಇದೂ ಬಂಡೆಯಾದೀತೆಂದು ಹೆದರಿ, ಗುಂಡಿಯ ಬದಲು ಇಡೀ ಜಾಗಕ್ಕೇ ಹಾಕುವುದೆಂದು ತೀರ್ಮಾನಿಸಿದೆ. ಒಂದು ಪಾಲು ಸಿಮೆಂಟಿಗೆ ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿ. ಚೀಲಕ್ಕೆ 25 ಲೀಟರಿನ ಆಸುಪಾಸು ನೀರು. "ಇನ್ನೊಂದು ಕೊಡ ಸುರಿಯಿರಿ, ದೋಸೆ ಹಿಟ್ಟಿನಂತಾದರೆ ತಾನೇ ಹರಡುತ್ತದೆ" ಎಂದಳು ಹೆಂಡತಿ. ಸಲಿಕೆಯನ್ನು ಊರಿ ನಿಂತು ವಿವರಿಸಿದೆ: ನೀರು ಹೆಚ್ಚಾದರೆ ಗಟ್ಟಿತನ ಹೋಗುತ್ತದೆ, ಸಿಮೆಂಟ್ ಒಣಗಿ ಗಟ್ಟಿಯಾಗುವುದಲ್ಲ, ಅದು ನೀರಿನೊಡನೆ ನಡೆಯುವ ರಾಸಾಯನಿಕ ಕ್ರಿಯೆ, ಅದರಲ್ಲಿ ಶಾಖವೂ ಹುಟ್ಟುತ್ತದೆ...

"ಪಾಠ ಆಮೇಲೆ ಮಾಡಿ. ಅದು ಕೇಳುತ್ತಾ ಕೇಳುತ್ತಾ ಬಿಗಿಯುತ್ತಿದೆ" ಎಂದಳು.

ಮುಂದಿನ ಏಳು ದಿನ ಬಾಣಂತಿಯನ್ನು ನೋಡಿಕೊಂಡಂತೆ ನೋಡಿಕೊಂಡೆ. ಗೋಣಿಚೀಲ ಹಾಸಿ, ಮೇಲೆ ಬತ್ತದ ಹುಲ್ಲು ಹರವಿ, ಹೊತ್ತುಹೊತ್ತಿಗೆ ನೀರು. ರಾತ್ರಿ ಎದ್ದಾಗಲೂ ಒಂದು ಚೊಂಬು. ಎಂಟನೆಯ ದಿನ, ಕೆಲಸವೆಲ್ಲ ಮುಗಿದ ಮೇಲೆ, ಮೇಸ್ತ್ರಿ ಪ್ರತ್ಯಕ್ಷರಾದರು. ಕುಕ್ಕರುಗಾಲಲ್ಲಿ ಕುಳಿತು ಕರಣೆಯ ಹಿಡಿಯಿಂದ ಕುಟ್ಟಿದರು. ಟಣ್ ಎಂದಿತು.

"ಪರವಾಗಿಲ್ಲ ಮೇಷ್ಟ್ರೇ, ಕಲ್ಲಾಗಿದೆ. ಒಂದು ಚೊಂಬು ನೀರು ಕೊಡಿ."

ಬಾಯಾರಿಕೆ ಇರಬೇಕೆಂದು ಬೆಲ್ಲದ ತುಂಡನ್ನೂ ಜೊತೆಗೆ ತಂದೆ. ಅವರು ಬೆಲ್ಲವನ್ನು ಬಾಯಿಗೆ ಹಾಕಿಕೊಂಡು ನೀರನ್ನು ನೆಲಕ್ಕೆ ಸುರಿದರು. ನೀರು ನಡುವಿನಲ್ಲಿ ಒಂದು ಗಳಿಗೆ ನಿಂತಿತು. ಆಮೇಲೆ ತೋಟದ ಕಡೆಗೆ ಬೆನ್ನು ಹಾಕಿ, ನೆಂಟರಂತೆ ನೆಟ್ಟಗೆ ಅಡುಗೆಮನೆಯ ಹೊಸ್ತಿಲಿಗೆ ನಡೆಯಿತು.

"ರಸಮಟ್ಟ ಇಟ್ಟು ನೋಡಿದ್ದೆನಲ್ಲ!"

"ಅಡ್ಡಕ್ಕೆ ಇಟ್ಟಿದ್ದೀರಿ. ನೀರು ಉದ್ದಕ್ಕೆ ಹೋಗುತ್ತದೆ."

ಒಡೆದು ಮತ್ತೆ ಹಾಕೋಣವೇ ಎಂದು ಕೇಳಿದೆ. "ಒಡೆಯಬಹುದಿತ್ತು. ನೀವು ಇಷ್ಟು ಚೆನ್ನಾಗಿ ನೀರುಣಿಸಬಾರದಿತ್ತು" ಎಂದು ನಿಟ್ಟುಸಿರಿಟ್ಟು, ಬಾಗಿಲಿಗೆ ಅಡ್ಡಲಾಗಿ ನಾಲ್ಕು ಬೆರಳೆತ್ತರದ ಕಟ್ಟೆ ಕಟ್ಟಿ, ಅರ್ಧ ದಿನದ ಕೂಲಿ ಪಡೆದು ಹೋದರು.

ಈಗ ಆರಿದ್ರಾ ಮಳೆ ಹೊಯ್ಯುತ್ತಿದೆ. ಕಟ್ಟೆಯ ಆಚೆ ಕೆರೆ ನಿಲ್ಲುತ್ತದೆ, ಹೆಂಡತಿ ಅಡಿಕೆ ಹಾಳೆಯಿಂದ ಮೊಗೆದು ತೋಟಕ್ಕೆ ಚೆಲ್ಲುತ್ತಾಳೆ. ಗುಂಡಿಯಲ್ಲಿ ಎಡವುತ್ತಿದ್ದ ಅಮ್ಮ ಈಗ ಕಟ್ಟೆಗೆ ಎಡವುತ್ತಾಳೆ.

ಆ ಅರ್ಧ ಚೀಲದ ಬಂಡೆಯನ್ನು ಹಿತ್ತಲ ನಲ್ಲಿಯ ಬುಡಕ್ಕೆ ಉರುಳಿಸಿದ್ದೆ. ಅಮ್ಮ ಅದರ ಮೇಲೆ ಬಟ್ಟೆ ಒಗೆಯುತ್ತಾಳೆ. ಮೊನ್ನೆ ನನ್ನ ಪಂಚೆಯನ್ನು ಕುಕ್ಕುತ್ತಾ ಹೇಳಿದಳು: "ನೋಡು, ನೀನು ಕೈ ಹಾಕದೆ ಆದದ್ದು ಇದೊಂದು. ನೀರು ಹೇಗೆ ಇಳಿದುಹೋಗುತ್ತದೆ!"