ಬಿಳಿ ಕುಪ್ಯ, ಕಪ್ಪು ಕುಪ್ಯ

ಕ್ಯಾಮೆರಾಗೆ ಕಷ್ಟ ಕೊಡಬೇಕು ಅಂತ ಯಾರಾದರೂ ಪಟ್ಟು ಹಿಡಿದು ಕೂತರೂ ಕೊಡವರ ಮದುವೆಗಿಂತ ಒಳ್ಳೆಯ ಉಪಾಯ ಹೊಳೆಯಲಿಕ್ಕಿಲ್ಲ. ಮದುಮಗನಿಗೆ ಬಿಳಿ ಕುಪ್ಯ, ಅಂದರೆ ಕೊಡವರ ಉದ್ದನೆಯ ಕೋಟು. ಪಕ್ಕದಲ್ಲಿ ನಿಂತ ಮಾವಂದಿರಿಗೆಲ್ಲ ಕಪ್ಪು ಕುಪ್ಯ. ಸೊಂಟದ ಪೀಚೆಕತ್ತಿಯ ಬೆಳ್ಳಿ ಬೇರೆ ಫಳಫಳ. ಕ್ಯಾಮೆರಾದ ಲೆಕ್ಕದಲ್ಲಿ ಲೋಕವೆಲ್ಲ ಸರಾಸರಿ ಬೂದು ಬಣ್ಣ. ಕಪ್ಪು ಜಾಸ್ತಿ ಕಂಡರೆ ಬೆಳಕು ಏರಿಸುತ್ತದೆ, ಮದುಮಗನ ಕತ್ತಿನ ಕೆಳಗೆ ಬರೀ ಬಿಳಿ. ಬಿಳಿ ಜಾಸ್ತಿ ಕಂಡರೆ ಇಳಿಸುತ್ತದೆ, ಮಾವಂದಿರು ಮೀಸೆ ಸಮೇತ ಮಾಯ.

ಇಂಥ ಫೋಟೋಗಳೆಲ್ಲ ಕೊನೆಗೆ ಬರೋದು ನನ್ನ ಲ್ಯಾಪ್‌ಟಾಪಿಗೆ. ನನಗೆ ಫೋಟೋ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮ್ ಬರುತ್ತೆ ಅನ್ನೋ ಸುದ್ದಿ ಮಡಿಕೇರಿಯಲ್ಲಿ ಹೇಗೋ ಹಬ್ಬಿದೆ. ಮೊನ್ನೆ ಪಕ್ಕದ ಮನೆ ಆಂಟಿ ಪೆನ್‌ಡ್ರೈವ್ ಹಿಡಿದು ಬಂದರು.

"ಸುಮ್ನೆ ಸ್ವಲ್ಪ ಬೆಳಕು ಕಮ್ಮಿ ಮಾಡಪ್ಪ. ಕುಪ್ಯದ ಮಡಿಕೆ ಕಾಣ್ಲಿ."

ತೀರಾ ಬೆಳಕಿರುವ ಕಡೆ ತಗ್ಗಿಸುವ ಹೈಲೈಟ್ಸ್ ಸ್ಲೈಡರ್ ಪೂರ್ತಿ ಎಡಕ್ಕೆ ಎಳೆದೆ. ಮಡಿಕೆ ಬರಲಿಲ್ಲ, ಬಿಳಿ ಹೋಗಿ ಬೂದಿ ಬಣ್ಣ ಆಯ್ತು ಅಷ್ಟೆ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೂ 0ಯಿಂದ 255ರವರೆಗೆ ಮೆಟ್ಟಿಲು. ಮೂರೂ ಬಣ್ಣ 255ಕ್ಕೆ ಹೋಗಿ ಕೂತ ಕಡೆ ಮಡಿಕೆಯ ಸುಳಿವೇ ಇರೋದಿಲ್ಲ. ಸೆನ್ಸರ್ ಹಿಡಿದದ್ದನ್ನೆಲ್ಲ ಹಾಗೇ ಇಟ್ಟುಕೊಳ್ಳುವ ರಾ ಫೈಲ್ ಆಗಿದ್ದರೆ ಸ್ವಲ್ಪ ಆಸೆ ಇತ್ತು, 14 ಬಿಟ್‌ನದ್ದಾದರೆ 16,384 ಮೆಟ್ಟಿಲು ಅಂತ ವಿವರಿಸಿದೆ.

"ಅಷ್ಟು ಯಾರು ಹತ್ತುತ್ತಾರೆ, ನನಗೆ ಮೊಣಕಾಲು ನೋವು" ಅಂದರು ಆಂಟಿ.

ಕತ್ತಲಾದರೆ ಪರವಾಗಿಲ್ಲ, ಒಳಗೆ ಏನಾದರೂ ಅಡಗಿರುತ್ತೆ. ಶ್ಯಾಡೋಸ್ ಎತ್ತಿದೆ. ಮಾವಂದಿರು ಒಬ್ಬೊಬ್ಬರಾಗಿ ಹೊರಗೆ ಬಂದರು. ಜೊತೆಗೆ ನಾಯ್ಸೂ ಬಂತು, ಕಪ್ಪು ಕುಪ್ಯದ ಮೇಲೆಲ್ಲ ಹಸಿರು, ನೇರಳೆ ಚುಕ್ಕಿ. ಆಂಟಿ ಕನ್ನಡಕ ಏರಿಸಿ ಹತ್ತಿರ ಬಗ್ಗಿದರು.

"ಅಯ್ಯೋ, ಬೂಷ್ಟು! ಬಿಸಿಲಿಗೆ ಹಾಕಿ ಅಂತ ಇವರಿಗೆ ಬಡ್ಕೊಂಡೆ."

ಕೊಡಗಿನ ಮಳೆಗಾಲದಲ್ಲಿ ಬೀರು ತೆರೆದು ನೋಡಿದವರಿಗೆ ಈ ಅನುಮಾನ ಸಹಜವೇ. ನಾನು ನಾಯ್ಸ್ ಅಂತ ಬಾಯಿ ತೆರೆಯೋ ಮೊದಲೇ ಅಂಕಲ್‌ಗೆ ಫೋನ್ ಹೋಗಿಯಾಗಿತ್ತು. ಆ ಕಡೆಯಿಂದ ಉತ್ತರವೇ ಇಲ್ಲ.

ಕೊನೆಯದು ಮಾಂದಲಪಟ್ಟಿ ಫೋಟೋ. ಮದುವೆಗೆ ಬಂದ ನೆಂಟರು ಮಂಜಿನ ನಡುವೆ ಸಾಲಾಗಿ ನಿಂತಿದ್ದಾರೆ. ಮಂಜನ್ನೂ ಕ್ಯಾಮೆರಾ ಬೂದು ಮಾಡಿಟ್ಟಿತ್ತು. ಎಕ್ಸ್‌ಪೋಶರ್ ಒಂದು ಸ್ಟಾಪ್ ಏರಿಸಿದೆ, ಬೆಳ್ಳಗಾಯ್ತು.

"ಅದಿರಲಿ, ಹಿಂದೆ ಬೆಟ್ಟ ಇತ್ತು ಅಲ್ವಾ, ಅದು ಕಾಣೋ ಹಾಗೆ ಮಾಡು."

ಮಂಜು ತಿಳಿಯಾಗಿಸುವ ಡೀಹೇಜ್ ಪೂರ್ತಿ ಬಲಕ್ಕೆ ಎಳೆದೆ. ಬೆಟ್ಟದ ಸುಳಿವಿಲ್ಲ. ಸೆನ್ಸರ್ ಮೇಲೆ ಕೂತಿದ್ದ ಧೂಳು ಮಾತ್ರ ಕಪ್ಪು ಚುಕ್ಕಿಗಳಾಗಿ ಆಕಾಶದ ತುಂಬ ಎದ್ದಿತು.

"ನೋಡು, ಹಕ್ಕಿಗಳು!" ಆಂಟಿಗೆ ಖುಷಿಯೋ ಖುಷಿ.

ಸೇವ್ ಮಾಡಿ ಕೊಟ್ಟೆ.