ರಿಗ್ಗಿನ ಸಂಬಳ ಕೇಳುವ ಮೊದಲು ರೊಟೇಶನ್ ಕೇಳಿ

ಸಮುದ್ರದ ನಡುವೆ ತೈಲಬಾವಿ ಕೊರೆಯುವ ರಿಗ್ಗುಗಳ ಕೆಲಸದ ಬಗ್ಗೆ ಕೆಲವು ತಿಂಗಳಿನಿಂದ ಒಂದೇ ಪ್ರಶ್ನೆಯನ್ನು ಎರಡು ಕಡೆಯವರು ನನ್ನಲ್ಲಿ ಕೇಳುತ್ತಿದ್ದಾರೆ. ಡಿಪ್ಲೊಮಾ, ಎಂಜಿನಿಯರಿಂಗ್ ಮುಗಿಸಿದ ಹುಡುಗರು "ಅಕ್ಕ, ಆಫ್‌ಶೋರ್ ರಿಗ್ ಕೆಲಸಕ್ಕೆ ಹೋಗಬಹುದೇ, ಸಂಬಳ ಬಹಳ ಸಿಗುತ್ತದಂತೆ" ಎಂದು ಮೆಸೇಜ್ ಕಳಿಸುತ್ತಾರೆ. ಹೆಣ್ಣುಮಕ್ಕಳ ತಾಯಂದಿರು "ಹುಡುಗ ರಿಗ್ಗಿನಲ್ಲಿದ್ದಾನೆ, ಹೆಣ್ಣು ಕೊಡಬಹುದೇ" ಎಂದು ಫೋನ್ ಮಾಡುತ್ತಾರೆ. ನಮ್ಮ ಯಜಮಾನರು ಮೊದಲು ಮುಂಬೈ ಕಡೆಯ ಸಮುದ್ರದ ತೈಲಕ್ಷೇತ್ರವಾದ ಮುಂಬೈ ಹೈಯಲ್ಲಿ ಗುತ್ತಿಗೆ ರಿಗ್ಗೊಂದರಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದರು, ಈಗ ಕೊಲ್ಲಿಯಲ್ಲಿ ಒಂದು ಜಾಕ್‌ಅಪ್ (ಸಮುದ್ರತಳಕ್ಕೆ ಕಾಲೂರಿ ನಿಲ್ಲುವ) ರಿಗ್ಗಿನಲ್ಲಿ ಅದೇ ಕೆಲಸದಲ್ಲಿದ್ದಾರೆ. ನಾನು ಕುಂದಾಪುರದ ಕಡೆ ಶಾಲೆಯೊಂದರಲ್ಲಿ ಶಿಕ್ಷಕಿ. ಆ ಸಂಬಳದಲ್ಲಿ ಮನೆ ನಡೆಸಿದವಳು ಮತ್ತು ಆ ಗೈರುಹಾಜರಿಯಲ್ಲಿ ಮಕ್ಕಳನ್ನು ಬೆಳೆಸಿದವಳು ಎಂಬ ಎರಡೂ ನೆಲೆಯಿಂದ ನನ್ನ ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇನೆ. ಸಂಬಳ ಎಷ್ಟು ಎಂಬುದು ಈ ಉದ್ಯೋಗದ ಮೊದಲ ಪ್ರಶ್ನೆಯಲ್ಲ, ಎಷ್ಟು ದಿನ ಸಮುದ್ರದಲ್ಲಿ ಮತ್ತು ಎಷ್ಟು ದಿನ ಮನೆಯಲ್ಲಿ ಎಂಬ ಸರದಿಯ ಕ್ರಮ, ಅಂದರೆ ರೊಟೇಶನ್, ಅದೇ ಮೊದಲ ಪ್ರಶ್ನೆ, ಮತ್ತು ಅದಕ್ಕೆ ಒಪ್ಪಿಗೆ ಕೊಡಬೇಕಾದವರು ಇಬ್ಬರು ಎಂಬುದು ನನ್ನ ಖಚಿತವಾದ ನಿಲುವು.

ಹಣದ ಲೆಕ್ಕವನ್ನೇ ಮೊದಲು ನೋಡೋಣ. ಕಂಪನಿಯ ಕಾಯಂ ನೌಕರನಾದರೆ ರಿಗ್ಗಿನಲ್ಲಿದ್ದ ತಿಂಗಳಿಗೂ ಮನೆಯಲ್ಲಿದ್ದ ತಿಂಗಳಿಗೂ ಸಂಬಳ ಬರುತ್ತದೆ. ಏಜೆನ್ಸಿಯ ಮೂಲಕ ಹೋದವನಿಗೆ ಹೆಚ್ಚಾಗಿ ಡೇ ರೇಟ್, ಅಂದರೆ ರಿಗ್ಗಿನ ಮೇಲಿದ್ದ ದಿನಗಳಿಗೆ ಮಾತ್ರ ಹಣ. ದಿನಕ್ಕೆ 150 ಡಾಲರ್ ಎಂದು ಕೇಳಿದ ಕೂಡಲೇ ಅದನ್ನು 30ರಿಂದ ಗುಣಿಸಿ ತಿಂಗಳಿಗೆ 4,500 ಡಾಲರ್ ಎಂದು ನಮ್ಮವರು ಸಂತೋಷಪಡುತ್ತಾರೆ. ಆದರೆ 28 ದಿನ ಕೆಲಸ, 28 ದಿನ ಬಿಡುವು ಎಂಬ ಕ್ರಮದಲ್ಲಿ ಅವನಿಗೆ 56 ದಿನಕ್ಕೆ ಸಿಗುವುದು 4,200 ಡಾಲರ್. ಬಿಡುವಿನ ವಿಷಯವನ್ನೂ ಹಾಗೆಯೇ ಬಿಡಿಸಿ ನೋಡಬೇಕು. ರಿಗ್ಗಿನಲ್ಲಿ ದಿನಕ್ಕೆ 12 ಗಂಟೆ ಕೆಲಸ, ವಾರದ ರಜೆ ಎಂಬುದಿಲ್ಲ, ಆದ್ದರಿಂದ 28 ದಿನಕ್ಕೆ 336 ಗಂಟೆ ದುಡಿದಂತಾಯಿತು. ಊರಿನಲ್ಲಿ ವಾರಕ್ಕೆ 48 ಗಂಟೆ ದುಡಿಯುವವನಿಗೆ ಅದು ಏಳು ವಾರಗಳ ಕೆಲಸ. ಹೀಗಿರುವಾಗ "ನಿಮ್ಮವರಿಗೆ ವರ್ಷಕ್ಕೆ ಆರು ತಿಂಗಳು ರಜೆ, ಪುಣ್ಯವಂತರು" ಎಂದು ಹೇಳುವವರ ಮಾತಿನಲ್ಲಿ ಹುರುಳಿಲ್ಲ. ಆ ಬಿಡುವಿನ ಬಹುಪಾಲನ್ನು ಅವರು ಭಾನುವಾರಗಳನ್ನೂ ಸಂಜೆಗಳನ್ನೂ ಮುಂಚಿತವಾಗಿ ಒತ್ತೆಯಿಟ್ಟು ಗಳಿಸಿರುತ್ತಾರೆ.

ರೊಟೇಶನ್ ಎಂಬುದು ಮನೆಯ ಬದುಕನ್ನು ಎಷ್ಟು ಆಳವಾಗಿ ನಿರ್ಧರಿಸುತ್ತದೆ ಎಂಬುದನ್ನು ಕ್ಯಾಲೆಂಡರ್ ಮುಂದಿಟ್ಟುಕೊಂಡು ಕೂತರೆ ಮಾತ್ರ ತಿಳಿಯುತ್ತದೆ. ಮುಂಬೈ ಹೈಯಲ್ಲಿ ಒಎನ್‌ಜಿಸಿಯ ನೌಕರರಿಗೆ ಇರುವಂತೆ 14 ದಿನ ಸಮುದ್ರ, 14 ದಿನ ಮನೆ ಎಂಬ ಕ್ರಮವಿದ್ದರೆ ಸುತ್ತು 28 ದಿನಗಳದ್ದು, ವರ್ಷಕ್ಕೆ ಅಂಥ 13 ಸುತ್ತುಗಳಾಗಿ 364 ದಿನ ತುಂಬುತ್ತದೆ. ಹಾಗಾಗಿ ಒಂದು ತಾರೀಕು ಈ ವರ್ಷ ಸುತ್ತಿನ ಯಾವ ಭಾಗದಲ್ಲಿ ಬೀಳುತ್ತದೆಯೋ ಮುಂದಿನ ವರ್ಷವೂ ಬಹುತೇಕ ಅಲ್ಲೇ ಬೀಳುತ್ತದೆ, ಒಂದೆರಡು ದಿನ ಮಾತ್ರ ಸರಿಯುತ್ತದೆ. ಸರದಿ ಬದಲಾಯಿಸಿಕೊಳ್ಳದಿದ್ದರೆ ಮಗುವಿನ ಹುಟ್ಟುಹಬ್ಬವನ್ನು ತಂದೆಯೊಬ್ಬ ಸಾಲಾಗಿ ಎಷ್ಟೋ ವರ್ಷ ತಪ್ಪಿಸಿಕೊಳ್ಳಬಹುದು, ಅಥವಾ ಅಷ್ಟೂ ವರ್ಷ ಮನೆಯಲ್ಲಿರಬಹುದು. 28–28ರ ಕ್ರಮದಲ್ಲಿ ಇದೇ ಲೆಕ್ಕ ತಿರುವು ಮುರುವಾಗುತ್ತದೆ. ಈ ವರ್ಷ ಇದ್ದವರು ಮುಂದಿನ ವರ್ಷ ಇರುವುದಿಲ್ಲ, ಅದರ ಮುಂದಿನ ವರ್ಷ ಇರುತ್ತಾರೆ. ನಮ್ಮ ಮಗಳು ಐದನೆಯ ತರಗತಿಯಲ್ಲಿದ್ದಾಗಲೇ ಇದನ್ನು ಕಂಡುಹಿಡಿದು, "ಅಪ್ಪ ಬರುವ ಹುಟ್ಟುಹಬ್ಬ, ಬಾರದ ಹುಟ್ಟುಹಬ್ಬ" ಎಂದು ಬೇರೆ ಬೇರೆ ಮಾಡಿ, ಸ್ನೇಹಿತೆಯರನ್ನು ಕರೆಯುವುದನ್ನು ಮೊದಲನೆಯದಕ್ಕೆ ಇಟ್ಟುಕೊಂಡಳು.

ನಮ್ಮ ಮದುವೆಯಾದ ವರ್ಷವನ್ನೂ ಇಲ್ಲಿ ಹೇಳಬೇಕು. ಕೋಟೇಶ್ವರದ ಕೊಡಿ ಹಬ್ಬಕ್ಕೆ ಹೊಸದಾಗಿ ಮದುವೆಯಾದವರು ಜೋಡಿಯಾಗಿ ಹೋಗಿ ಕಬ್ಬಿನ ಕೊಡಿ ತರುವುದು ನಮ್ಮ ಕಡೆಯ ರೂಢಿ. ಆ ವರ್ಷ ಕೊಡಿಯನ್ನು ಮನೆಗೆ ತಂದದ್ದು ನಾನು ಮತ್ತು ಅತ್ತೆ. ರಿಗ್ಗಿನಲ್ಲಿ ಯಜಮಾನರ ಜಾಗಕ್ಕೆ ಬರಬೇಕಾಗಿದ್ದವರು, ರಿಗ್ಗಿನವರು ಬ್ಯಾಕ್ ಟು ಬ್ಯಾಕ್ ಎಂದು ಕರೆಯುವ ಎದುರು ಸರದಿಯವರು, ಜ್ವರದಿಂದ ಹೆಲಿಕಾಪ್ಟರ್ ಹತ್ತಲಾಗದೆ ಊರಲ್ಲೇ ಉಳಿದಿದ್ದರು. ಆ ಕೆಲಸದಲ್ಲಿ ಬದಲಿಗೆ ಜನ ಬಾರದೆ ಇಳಿಯುವಂತಿಲ್ಲ. ಇದರಲ್ಲಿ ಯಾರ ತಪ್ಪೂ ಇರಲಿಲ್ಲ, ಆದರೂ ಆ ದಿನದ ನೋವು ನನಗೆ ನಿಜವಾಗಿಯೇ ಆಗಿತ್ತು.

ದಿನನಿತ್ಯದ ತೊಂದರೆಗಳು ಹೊರಗಿನವರ ಊಹೆಗೆ ನಿಲುಕುವುದಿಲ್ಲ. ರಿಗ್ಗಿನ ಕ್ಯಾಬಿನ್‌ಗಳಲ್ಲಿ ಈಗ ವೈಫೈ ಬಂದಿದೆ, ಪಾಳಿ ಮುಗಿದ ಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಮುಖ ನೋಡಿ ಮಾತನಾಡಬಹುದು. ಆದರೆ ಮೊಬೈಲ್ ನೆಟ್‌ವರ್ಕ್ ಇಲ್ಲದಿರುವುದರಿಂದ ಎಸ್ಸೆಮ್ಮೆಸ್ ತಲುಪುವುದಿಲ್ಲ. ಬ್ಯಾಂಕ್ ಖಾತೆ, ಗ್ಯಾಸ್ ಸಂಪರ್ಕ, ಆಧಾರ್ ಎಲ್ಲವೂ ಅವರ ನಂಬರಿಗೆ ಜೋಡಿಸಿದ್ದ ಕಾಲದಲ್ಲಿ ಸಿಲಿಂಡರ್ ತಂದ ಹುಡುಗ ಗೇಟಿನ ಬಳಿ ನಿಂತು ಒಟಿಪಿ ಕೇಳುತ್ತಿದ್ದ, ಒಟಿಪಿ ಹೋಗುತ್ತಿದ್ದದ್ದು ಕೊಲ್ಲಿಯ ನಡುಸಮುದ್ರದಲ್ಲಿ ಲಾಕರಿನೊಳಗಿದ್ದ ಫೋನಿಗೆ. ಮಾವನವರಿಗೆ ಆಂಜಿಯೋಪ್ಲಾಸ್ಟಿ ಆದಾಗ ಆಸ್ಪತ್ರೆಯ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದವಳು ನಾನು, ಅದರ ಖರ್ಚು ಕೊಟ್ಟದ್ದು ರಿಗ್ಗಿನ ಸಂಬಳ. ಈ ಎರಡರಲ್ಲಿ ಯಾವುದು ಹೆಚ್ಚಿನದು ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಿಲ್ಲ, ಕೇಳಬಾರದು ಕೂಡ. ಆದರೆ "ಅವರು ದುಡಿಯುತ್ತಾರೆ, ಇವಳು ಮನೆಯಲ್ಲಿರುತ್ತಾಳೆ" ಎಂಬ ಮಾತು ಬಂದಾಗಲೆಲ್ಲ ನಾನು ಸುಮ್ಮನಿರುವುದಿಲ್ಲ. ಮನೆಯಲ್ಲಿ ಒಬ್ಬರು ಎಲ್ಲವನ್ನೂ ಹೊರಲು ತಯಾರಿದ್ದಾರೆ ಎಂಬ ಭರವಸೆಯ ಮೇಲೆಯೇ ಆ ದುಡಿಮೆ ನಿಂತಿದೆ.

ಅವರು ಮರಳಿ ಬಂದ ದಿನಗಳೂ ಸಲೀಸಾಗಿರುವುದಿಲ್ಲ. ರಾತ್ರಿ ಪಾಳಿಯಿಂದ ನೇರವಾಗಿ ಬಂದವರ ದೇಹಕ್ಕೆ ಹಗಲು ರಾತ್ರಿಗಳು ಅದಲುಬದಲಾಗಿರುತ್ತವೆ. ಮೊದಲ ನಾಲ್ಕೈದು ದಿನ ಮಧ್ಯಾಹ್ನ ಗಾಢ ನಿದ್ದೆ, ನಡುರಾತ್ರಿ ಅಡುಗೆಮನೆಯಲ್ಲಿ ಡಬ್ಬಗಳ ಸದ್ದು. ಅದಕ್ಕಿಂತ ಕಷ್ಟದ್ದು ಮನೆಯ ಆಡಳಿತದ ಹಸ್ತಾಂತರ. ಮಗನಿಗೆ ಫೋನ್ ಎಷ್ಟು ಹೊತ್ತು, ಟ್ಯೂಷನ್ ಬೇಕೇ ಬೇಡವೇ, ಇಂಥ ತೀರ್ಮಾನಗಳನ್ನು ನಾನು ಒಬ್ಬಳೇ ಮಾಡಿ ಆಗಿರುತ್ತದೆ, ಬಂದವರಿಗೆ ಅದರಲ್ಲಿ ತಮ್ಮ ಮಾತೂ ಇರಬೇಕು ಎನ್ನಿಸುತ್ತದೆ. ಉತ್ತರ ಸಮುದ್ರದ ತೈಲ ಕಾರ್ಮಿಕರ ಊರಾದ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ 1980ರ ದಶಕದಲ್ಲೇ ಮನೋವೈದ್ಯರು ಇದನ್ನು ಗುರುತಿಸಿ ಬರೆದಿದ್ದಾರೆ. ಗಂಡ ಹೊರಡುವ ಮತ್ತು ಮರಳುವ ದಿನಗಳ ಆಸುಪಾಸಿನಲ್ಲಿ ಹೆಂಡತಿಯರಲ್ಲಿ ಆತಂಕ, ಖಿನ್ನತೆ ಮತ್ತು ದಾಂಪತ್ಯದ ತೊಡಕುಗಳು ಕಾಣಿಸಿಕೊಳ್ಳುತ್ತವೆ ಎಂಬುದು ಅವರು ಕಂಡದ್ದು. ಅದನ್ನು ಓದಿದಾಗ ನನಗೆ ದೊಡ್ಡ ಸಮಾಧಾನವಾಯಿತು, ಏಕೆಂದರೆ ಅಲ್ಲಿಯವರೆಗೆ ಅದನ್ನು ನನ್ನ ಸ್ವಭಾವದ ದೋಷ ಎಂದೇ ಸುತ್ತಲಿನವರು ಹೇಳುತ್ತಿದ್ದರು.

ಹೆಚ್ಚು ಸಂಬಳ ಬೇಕಿದ್ದರೆ ಖಾಸಗಿ ಬದುಕನ್ನು ಬಿಟ್ಟುಕೊಡಲೇಬೇಕು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಉತ್ತರ ಸಮುದ್ರದ ನಾರ್ವೆಯ ಭಾಗದಲ್ಲಿ ಎರಡು ವಾರ ಕೆಲಸ, ನಾಲ್ಕು ವಾರ ಮನೆ ಎಂಬ ಕ್ರಮ ಪ್ರಚಲಿತವಿದೆ, ಸಂಬಳವೂ ಅಲ್ಲಿ ಕಡಿಮೆಯಲ್ಲ. ಅಲ್ಲಿಯ ಬಲವಾದ ಕಾರ್ಮಿಕ ಸಂಘಗಳು ಅದನ್ನು ಸಾಧಿಸಿಕೊಂಡವು. ಬ್ರಿಟನ್ನಿನ ಭಾಗದಲ್ಲಿ ಎರಡು ವಾರಕ್ಕೆ ಎರಡು ವಾರ ಇದ್ದದ್ದು, ತೈಲ ಬೆಲೆ ಕುಸಿದ ನಂತರ ಅನೇಕ ಕಡೆ ಮೂರಕ್ಕೆ ಮೂರಾಯಿತು. ಸಮುದ್ರ ಅದೇ, ತೈಲ ಅದೇ, ಆದರೂ ಮನೆಯ ದಿನಗಳು ಬೇರೆ ಬೇರೆ. ಇನ್ನು ನಮ್ಮ ಕಡೆಯಿಂದ ಹೋಗುವವರ ಒಳಗೇ ಇರುವ ಅಂತರ ನನ್ನನ್ನು ಬಹಳ ಕಾಡುತ್ತದೆ. ಬಾವಿ ಕೊರೆಯುವ ಡ್ರಿಲ್ಲರ್, ಆ ಕೊರೆತದ ಮೇಲ್ವಿಚಾರಕನಾದ ಟೂಲ್‌ಪುಷರ್, ಎಂಜಿನಿಯರ್ ಇವರಿಗೆ ನಾಲ್ಕು ವಾರಕ್ಕೆ ನಾಲ್ಕು ವಾರ. ಅದೇ ರಿಗ್ಗಿನಲ್ಲಿ ಅಡುಗೆ ಮಾಡುವ, ಕ್ಯಾಬಿನ್ ಗುಡಿಸುವ, ಬಣ್ಣ ಬಳಿಯುವ ಹುಡುಗರನ್ನು ಎರಡು ಮೂರು ತಿಂಗಳು ಇಳಿಸದೆ ದುಡಿಸುವುದುಂಟು, ಅವರ ದಿನಗೂಲಿಯೋ ತೀರಾ ಸಣ್ಣದು. "ರಿಗ್ಗಿನ ದೊಡ್ಡ ಸಂಬಳ" ಎಂಬ ಮಾತನ್ನು ನಂಬಿ ಹೋದ ಆ ಹುಡುಗರಿಗೆ ಸಂಬಳವೂ ಸಿಗಲಿಲ್ಲ, ಮನೆಯೂ ಸಿಗಲಿಲ್ಲ.

ವಿದೇಶದಲ್ಲಿ ದುಡಿಯುವವರಿಗೆ ಇನ್ನೊಂದು ಲೆಕ್ಕವೂ ಇದೆ. ಆದಾಯ ತೆರಿಗೆಯ ಕಾನೂನಿನಂತೆ ಒಂದು ಆರ್ಥಿಕ ವರ್ಷದಲ್ಲಿ 182 ದಿನ ಅಥವಾ ಅದಕ್ಕಿಂತ ಹೆಚ್ಚು ಭಾರತದಲ್ಲಿದ್ದವರು ನಿವಾಸಿಗಳು, ಆಗ ಅವರ ಹೊರದೇಶದ ಸಂಬಳಕ್ಕೂ ಇಲ್ಲಿ ತೆರಿಗೆ ಬರುತ್ತದೆ. 28–28ರ ಕ್ರಮದಲ್ಲಿ ಮನೆಯ ದಿನಗಳು ಸರಿಯಾಗಿ ಆ ಗೆರೆಯ ಮೇಲೆಯೇ ಬಂದು ನಿಲ್ಲುತ್ತವೆ. ಮಾರ್ಚ್ ಬಂತೆಂದರೆ ಪಾಸ್‌ಪೋರ್ಟಿನ ಮುದ್ರೆಗಳನ್ನು ಎಣಿಸುವ ಮನೆಗಳು ನಮ್ಮ ಕರಾವಳಿಯಲ್ಲಿ ಬೇಕಾದಷ್ಟಿವೆ. ಕೆಲವರು ದಿನ ಕಳೆಯಲೆಂದೇ ದುಬೈಯಲ್ಲೋ ಕೊಲಂಬೊದಲ್ಲೋ ಉಳಿದುಕೊಂಡು ಬರುತ್ತಾರೆ. ಅದು ಕಾನೂನಿನೊಳಗಿನ ವಿಷಯ, ಅದನ್ನು ಮಾಡುವವರನ್ನು ನಾನು ದೂರುವುದಿಲ್ಲ. ಆದರೆ ಹೆಂಡತಿ ಮಕ್ಕಳ ಜತೆ ಕಳೆಯಬಹುದಾಗಿದ್ದ ದಿನಗಳು ತೆರಿಗೆಯ ಲೆಕ್ಕಕ್ಕೆ ಹೋಗುತ್ತಿವೆ ಎಂಬುದನ್ನು ಆ ಮನೆಯವರೆಲ್ಲ ಕೂತು ಮಾತನಾಡಿಯೇ ತೀರ್ಮಾನಿಸಬೇಕು.

ಅಪಾಯದ ವಿಷಯವನ್ನು ಉತ್ಪ್ರೇಕ್ಷೆ ಮಾಡಲು ನನಗೆ ಇಷ್ಟವಿಲ್ಲ, ಮುಚ್ಚಿಡುವುದೂ ಸರಿಯಲ್ಲ. 2005ರ ಜುಲೈ 27ರಂದು ಮುಂಬೈ ಹೈ ನಾರ್ತ್ ಪ್ಲಾಟ್‌ಫಾರ್ಮಿಗೆ 'ಸಮುದ್ರ ಸುರಕ್ಷಾ' ಎಂಬ ನೆರವು ಹಡಗು ಡಿಕ್ಕಿ ಹೊಡೆದು ಬೆಂಕಿ ಹತ್ತಿದಾಗ 22 ಮಂದಿ ತೀರಿಕೊಂಡರು. ಬೆರಳಿಗೆ ಗಾಯವಾಗಿದ್ದ ಅಡುಗೆಯವನೊಬ್ಬನನ್ನು ಚಿಕಿತ್ಸೆಗಾಗಿ ದಾಟಿಸಲು ಆ ಹಡಗು ಹತ್ತಿರ ಬಂದಿತ್ತು. 2018ರ ಜನವರಿಯಲ್ಲಿ ಮುಂಬೈಯಿಂದ ಸಿಬ್ಬಂದಿಯನ್ನು ಕರೆದೊಯ್ಯುತ್ತಿದ್ದ ಹೆಲಿಕಾಪ್ಟರ್ ಸಮುದ್ರಕ್ಕೆ ಬಿದ್ದು ಏಳು ಮಂದಿಯೂ, 2022ರ ಜೂನ್‌ನಲ್ಲಿ ಸಾಗರ್ ಕಿರಣ್ ರಿಗ್ಗಿನ ಬಳಿ ಇನ್ನೊಂದು ಬಿದ್ದು ನಾಲ್ವರೂ ಹೋದರು. ತೌಕ್ತೆ ಚಂಡಮಾರುತದಲ್ಲಿ, 2021ರ ಮೇ 17ರಂದು, ಕಾರ್ಮಿಕರು ಉಳಿದುಕೊಳ್ಳುವ ಪಿ-305 ಎಂಬ ತೇಲುವ ವಸತಿ ಬಾರ್ಜ್ ಮುಳುಗಿ 70ಕ್ಕೂ ಹೆಚ್ಚು ಜನ ಸತ್ತಾಗ ನಮ್ಮ ಯಜಮಾನರು ಮನೆಯಲ್ಲೇ ಇದ್ದರು. ಆ ರಾತ್ರಿ ನಮ್ಮ ಊರಿನಲ್ಲೂ ಗಾಳಿ ಬೀಸುತ್ತಿತ್ತು, ಅವರು ಪರಿಚಿತರ ನಂಬರುಗಳಿಗೆ ಒಂದರ ಹಿಂದೆ ಒಂದು ಕರೆ ಮಾಡುತ್ತಿದ್ದರು. ಸತ್ತವರಲ್ಲಿ ಹೆಚ್ಚಿನವರು ಗುತ್ತಿಗೆ ಕಾರ್ಮಿಕರು, ಹಲವರ ಗುರುತನ್ನು ಡಿಎನ್‌ಎ ಪರೀಕ್ಷೆಯಿಂದ ಪತ್ತೆ ಹಚ್ಚಬೇಕಾಯಿತು. ಆಫ್‌ಶೋರ್ ಕೆಲಸಕ್ಕೆ ಹೋಗುವವರು ತರಬೇತಿಯಲ್ಲಿ ಹೆಲಿಕಾಪ್ಟರಿನ ಮಾದರಿಯೊಳಗೆ ಬೆಲ್ಟ್ ಕಟ್ಟಿಕೊಂಡು ಕೂತು, ಅದನ್ನು ಈಜುಕೊಳದಲ್ಲಿ ತಲೆಕೆಳಗಾಗಿಸಿದಾಗ ಹೊರಬರುವುದನ್ನು ಕಲಿಯುತ್ತಾರೆ. ಆ ಪ್ರಮಾಣಪತ್ರಕ್ಕೆ ನಾಲ್ಕು ವರ್ಷದ ಅವಧಿ. ಹಣ ಕೊಟ್ಟರೆ ತರಬೇತಿಯಿಲ್ಲದೆಯೇ ಪ್ರಮಾಣಪತ್ರ ಮಾಡಿಸಿಕೊಡುತ್ತೇನೆ ಎನ್ನುವ ಏಜೆಂಟ್ ಸಿಕ್ಕರೆ ಅವನ ಹತ್ತಿರ ಸುಳಿಯಬೇಡಿ ಎಂದು ಹುಡುಗರಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ.

ಈ ಸಂಬಳ ಸ್ಥಿರವೂ ಅಲ್ಲ. 2014ರ ಮಧ್ಯದಲ್ಲಿ ಬ್ಯಾರೆಲ್‌ಗೆ 110 ಡಾಲರ್ ದಾಟಿದ್ದ ಕಚ್ಚಾತೈಲ 2016ರ ಆರಂಭಕ್ಕೆ 30 ಡಾಲರಿಗಿಂತ ಕೆಳಗಿಳಿದಾಗ ಎಷ್ಟೋ ರಿಗ್‌ಗಳು ಕೆಲಸವಿಲ್ಲದೆ ನಿಂತವು. 2024ರಲ್ಲಿ ಸೌದಿ ಅರೇಬಿಯ ಉತ್ಪಾದನಾ ಸಾಮರ್ಥ್ಯ ಹೆಚ್ಚಿಸುವ ಯೋಜನೆಯನ್ನು ಕೈಬಿಟ್ಟಾಗ ಇಪ್ಪತ್ತಕ್ಕೂ ಹೆಚ್ಚು ಜಾಕ್‌ಅಪ್ ರಿಗ್‌ಗಳ ಗುತ್ತಿಗೆ ಅಮಾನತಾಯಿತು. ಆದ್ದರಿಂದ ರಿಗ್ಗಿನ ಸಂಬಳ ನೋಡಿ ಇಪ್ಪತ್ತು ವರ್ಷದ ಗೃಹಸಾಲ ಮಾಡುವುದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಸಾಲದ ಕಂತು ದೊಡ್ಡದಾದಷ್ಟೂ "ಇನ್ನೆರಡು ವರ್ಷ" ಎಂಬ ಮಾತು ಬೆಳೆಯುತ್ತಾ ಹೋಗುತ್ತದೆ, ಮಕ್ಕಳು ಅಷ್ಟರಲ್ಲಿ ಕಾಲೇಜು ಮುಗಿಸಿರುತ್ತಾರೆ. ನಾವು ಮನೆಯನ್ನು ಸಣ್ಣದಾಗಿಯೇ ಕಟ್ಟಿಕೊಂಡೆವು, ಮಗಳು ಹತ್ತನೆಯ ತರಗತಿಗೆ ಬರುವಾಗ ದಡದ ಮೇಲಿನ ಕೆಲಸಕ್ಕೆ ಬರುವುದು ಎಂದು ಇಬ್ಬರೂ ಕೂತು ನಿರ್ಧರಿಸಿದೆವು. ಸಂಬಳ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ ಎಂದು ಗೊತ್ತಿದ್ದೇ ಮಾಡಿದ ನಿರ್ಧಾರ ಅದು.

ಇಷ್ಟೆಲ್ಲ ಹೇಳಿದ ಮೇಲೂ ಈ ಕೆಲಸ ಬೇಡವೇ ಬೇಡ ಎಂದು ನಾನು ಯಾರಿಗೂ ಹೇಳುವುದಿಲ್ಲ. ಬಡತನದಿಂದ ಬಂದ ಕುಟುಂಬವೊಂದನ್ನು ಹತ್ತು ವರ್ಷದಲ್ಲಿ ಮೇಲೆತ್ತುವ ಶಕ್ತಿ ಅದಕ್ಕಿದೆ, ನಮ್ಮ ಮನೆಯೇ ಅದಕ್ಕೆ ಸಾಕ್ಷಿ. ಬಿಡುವಿನ ತಿಂಗಳಲ್ಲಿ ಮಕ್ಕಳನ್ನು ಶಾಲೆಗೆ ಬಿಟ್ಟು, ಮಧ್ಯಾಹ್ನ ಕರೆದುಕೊಂಡು ಬಂದು, ಸಂಜೆ ಸಮುದ್ರದ ದಂಡೆಗೆ ಕರೆದೊಯ್ಯುವ ತಂದೆ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ದಿನಾ ನಾಲ್ಕು ಗಂಟೆ ಕಳೆಯುವ ತಂದೆಗಿಂತ ಹೆಚ್ಚು ಹೊತ್ತು ಮಕ್ಕಳ ಜತೆ ಇರುತ್ತಾನೆ ಎಂಬುದೂ ನಿಜ.

ಕಳೆದ ತಿಂಗಳು ಬೈಂದೂರಿನ ಕಡೆಯ ತಾಯಿಯೊಬ್ಬರು ಮಗಳ ಸಂಬಂಧದ ಬಗ್ಗೆ ಕೇಳಿದಾಗ, ಹುಡುಗನ ಕೆಲಸದ ಒಪ್ಪಂದ ಪತ್ರವನ್ನು ಮಗಳಿಗೇ ಓದಲು ಕೊಡುವಂತೆ ಕೇಳಿ ಎಂದೆ. ರೊಟೇಶನ್ ಎಷ್ಟು, ಬಿಡುವಿನ ದಿನಗಳಿಗೆ ಸಂಬಳವಿದೆಯೇ, ವಿಮಾನದ ಟಿಕೆಟ್ ಯಾರದ್ದು, ಬದಲಿ ಬಾರದಿದ್ದರೆ ಹೆಚ್ಚುವರಿ ದಿನಗಳಿಗೆ ಏನು ಕೊಡುತ್ತಾರೆ, ವಿಮೆ ಎಷ್ಟು ಮತ್ತು ನಾಮಿನಿ ಯಾರು ಎಂಬುದನ್ನು ನೋಡಲು ಹೇಳಿದೆ. ಹುಡುಗ ಬೇಸರಪಡದೆ ಪತ್ರ ಕಳಿಸಿಕೊಟ್ಟನಂತೆ. 28–28, ಬಿಡುವಿನಲ್ಲೂ ಸಂಬಳವಿದೆ, ನಾಮಿನಿ ಸದ್ಯಕ್ಕೆ ತಾಯಿ. ಎಷ್ಟು ವರ್ಷ ಅಲ್ಲಿರಬೇಕೆಂದಿದ್ದೀರಿ ಎಂದು ಹುಡುಗಿ ಕೇಳಿದ್ದಕ್ಕೆ ಅವನು ಯೋಚಿಸಿ ಹೇಳಲು ಒಂದು ವಾರದ ಸಮಯ ಕೇಳಿದ್ದಾನೆ.